ನನ್ನ ಸಮಕ್ಷಮ ಎಣಿಸಲಾಗಿದೆ

18 ಸೆಪ್ಟೆಂಬರ್ 2010, ಶನಿವಾರ

ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಚಿತ್ತದಿಂದ, ಈ ದಿನಚರಿಯ ಮೊದಲ ಪುಟದಲ್ಲಿ ಬರೆದಿಡುವ ತಪ್ಪೊಪ್ಪಿಗೆ ಏನೆಂದರೆ: ಸುಧೀರನೆಂಬ ನಾನು, ವಯಸ್ಸು ಇಪ್ಪತ್ತಮೂರು, ಬಿ.ಕಾಂ. ಪ್ರಥಮ ದರ್ಜೆ, ಸಿಎ ಇಂಟರಿನಲ್ಲಿ ಒಂದು ಗುಂಪು ಪಾಸು, ಇನ್ನೊಂದು ಬಾಕಿ, ಇಂದು ಮಧ್ಯಾಹ್ನ ಮೂರೂಕಾಲರ ಸುಮಾರಿಗೆ ಬಿಜೂರಿನ ತೆಂಗು ಬೆಳೆಗಾರರ ಸಂಘದ ಅಂಗಳದಿಂದ ತೆಂಗಿನಕಾಯಿ ಒಂದನ್ನು ಕದ್ದಿರುತ್ತೇನೆ. ಸುಲಿದದ್ದು. ಜುಟ್ಟು ಸಹಿತ.

ಸನ್ನಿವೇಶ ಹೀಗಿತ್ತು. ಕುಂದಾಪುರ ಶಾಸ್ತ್ರಿ ಸರ್ಕಲಿನ ಆಡಿಟರ್ ರತ್ನಾಕರ ಸರ್ ಅವರ ಕಚೇರಿಯಲ್ಲಿ ನಾನು ಆರ್ಟಿಕಲ್ ಕ್ಲರ್ಕು, ಅಂದರೆ ಸಿಎ ಕಲಿಯುತ್ತ ದುಡಿಯುವ ಹುಡುಗ. ಬಿಜೂರಿನ ಸಂಘದ ಲಾರಿ ಲೋಡಾಗುವ ದಿನ ಒಮ್ಮೊಮ್ಮೆ ನಮ್ಮ ಕಚೇರಿಯವರು ಹೋಗಿ ಎಣಿಕೆ ನೋಡಿ ಸಹಿ ಹಾಕಿ ಬರಬೇಕು. ಶನಿವಾರ ಕಚೇರಿಯಲ್ಲಿ ಕೆಲಸ ಕಡಿಮೆ, ಹಾಗಾಗಿ ನನ್ನನ್ನು ಕಳಿಸಿದರು. ಅಲ್ಲಿ ಗುಡ್ಡ ಎಂಬ ಮುದುಕನೊಬ್ಬ ಕಾಯಿ ಎಣಿಸುತ್ತಾನೆ. ಕಾಯಿಗುಡ್ಡೆಯ ಪಕ್ಕ ಗುಡ್ಡ. ಇದನ್ನು ನಾನು ಹೇಳಿದಾಗ ಸಂಘದ ಕಾರ್ಯದರ್ಶಿ ಸುಗುಣಕ್ಕ ನಗಲಿಲ್ಲ. ಮೂವತ್ತು ವರ್ಷದಿಂದ ಎಲ್ಲರೂ ಹೇಳುತ್ತಿದ್ದಾರಂತೆ.

ಕಾಯಿ ಅಮ್ಮನಿಗಾಗಿ. ನಾವಿರುವುದು ಪೇಟೆಯ ಬಾಡಿಗೆ ಮಹಡಿಯಲ್ಲಿ. ಅಪ್ಪ ಮುಂಬೈಯ ಹೋಟೆಲಿನ ಗಲ್ಲಾದಲ್ಲಿ. ನಾನು ತೆಂಗಿನಮರವನ್ನು ನೋಡಿಯೇ ಬೆಳೆದವನು, ಆದರೆ ಬಸ್ಸಿನ ಕಿಟಕಿಯಿಂದ. ಕಾಯಿಗೆ ದುಡ್ಡು ಕೊಡುವಾಗಲೆಲ್ಲ ಅಮ್ಮ ನಿಟ್ಟುಸಿರು ಬಿಡುತ್ತಾಳೆ. ಕಾಯಿದೆ ಓದುವ ಮಗ ಎಲ್ಲಿ ಕಾಯಿ ಇದೆ ಎಂದು ನೋಡಿದರೆ ತಪ್ಪೇನು? ರಾಶಿಯಿಂದ ತೆಗೆಯಬೇಕಾದರೆ ಬಗ್ಗಬೇಕು. ಪ್ಯಾಂಟು ಹೊಸತು, ಹೊಲಿಗೆ ಬಿಗಿ. ಅದೃಷ್ಟಕ್ಕೆ ಜಗಲಿಯ ಕಟ್ಟೆಯ ಮೇಲೆ, ಸೊಂಟದ ಎತ್ತರದಲ್ಲಿ, ಒಂದಷ್ಟು ಕಾಯಿಗಳು ಕೂತಿದ್ದವು. ತುದಿಯದ್ದು ನನ್ನ ಚೀಲಕ್ಕೆ ಬಿತ್ತು.

ಯಾರೂ ನೋಡಲಿಲ್ಲ. ಸಾಕ್ಷಿ ಇಲ್ಲ, ದಾಖಲೆ ಇಲ್ಲ. ಪರಿಪೂರ್ಣ ಅಪರಾಧ. ಇದನ್ನು ಬರೆಯಲು ಕಾರಣವೂ ಇದೆ. ಕಳೆದ ವರ್ಷ ದೊಡ್ಡ ಕಂಪೆನಿಯೊಂದರ ಸುಳ್ಳು ಲೆಕ್ಕ ಬಯಲಾದಂದಿನಿಂದ ಪತ್ರಿಕೆಗಳಲ್ಲಿ ಫೊರೆನ್ಸಿಕ್ ಅಕೌಂಟೆಂಟ್ ಎಂಬ ಹುದ್ದೆಯ ಹೆಸರು ಬರುತ್ತಿದೆ. ಲೆಕ್ಕದೊಳಗಿನ ಕಳ್ಳನನ್ನು ಹಿಡಿಯುವವನು. ನಾನು ಆಗಬೇಕಾದದ್ದು ಅದೇ. ಕಳ್ಳನ ಮನಸ್ಸು ಅರಿಯಲು ಒಮ್ಮೆ ಕದ್ದು ನೋಡಬೇಕು. ಪ್ರಾಯೋಗಿಕ ಪರೀಕ್ಷೆ ಮುಗಿಯಿತು. ನಾನು ಪಾಸು.

20 ಸೆಪ್ಟೆಂಬರ್

ಅಮ್ಮನಿಗೆ ಹೇಳಿದೆ. ಕಾಯಿಯ ವಿಷಯವಲ್ಲ, ಹುದ್ದೆಯ ವಿಷಯ.

"ಫೊರೆನ್ಸಿಕ್ ಅಂದ್ರೆ ಟಿವಿಯಗೆ ಹೆಣ ಕೊಯ್ತ್ರಲೆ, ಅದೇ ಅಲ್ದಾ ಮಗಾ?"

"ಹೆಣ ಅಲ್ಲಮ್ಮ, ಲೆಕ್ಕ."

"ಸತ್ತ ಲೆಕ್ಕವಾ?"

"ಸುಳ್ಳು ಲೆಕ್ಕ."

"ಅದ್ರ ಕೊಯ್ಯುಕೆ ಇಷ್ಟೆಲ್ಲ ಓದ್ಕಾ? ನಿನ್ನ ಅಪ್ಪಯ್ಯ ಗಲ್ಲಾದಗೆ ಕೂಕಂಡೇ ಮಾಣಿಗಳ ಮುಖ ಕಂಡ್ ಹೇಳ್ತ್ರ್, ಯಾರ್ ಎಷ್ಟ್ ಹೊಡ್ದ್ರ್ ಅಂದೇಳಿ."

ಹೀಗೆ ಹೇಳುತ್ತಲೇ ಆ ಕಾಯಿ ತುರಿದು ಬಂಗುಡೆ ಸಾರು ಮಾಡಿದಳು. ಸಾಕ್ಷ್ಯ ಸಂಪೂರ್ಣ ನಾಶ.

11 ಡಿಸೆಂಬರ್, ಶನಿವಾರ

ಇಂದು ಮತ್ತೆ ಬಿಜೂರು. ಗುಡ್ಡ ಅಂಗಳದಲ್ಲಿ ಎರಡೂ ಕೈಯಲ್ಲಿ ಎರಡೆರಡು ಕಾಯಿ ಹಿಡಿದು ಏನೋ ಗುನುಗುತ್ತ ಲಾರಿಯವರಿಗೆ ಎಸೆಯುತ್ತಿದ್ದ. ಅದನ್ನು ಎರಡು ನಿಮಿಷ ನೋಡಿದರೆ ಸಾಕು, ಮೂರನೆಯ ನಿಮಿಷಕ್ಕೆ ನಿದ್ದೆ ಬರುತ್ತದೆ. ಸುಗುಣಕ್ಕ ಒಳಗೆ ಕರೆದು ಚಹಾ, ಗೋಳಿಬಜೆ ಕೊಟ್ಟರು. ಫ್ಯಾನಿನ ಕೆಳಗೆ ಕೂತು ಕಾಸ್ಟಿಂಗ್ ಪುಸ್ತಕದ ಎರಡು ಅಧ್ಯಾಯ ಮುಗಿಸಿದೆ. ನವೆಂಬರಿನ ಪರೀಕ್ಷೆ ಆಗಿದೆ, ಫಲಿತಾಂಶ ಬಂದಿಲ್ಲ. ಆದರೂ ಓದು ನಿಲ್ಲಿಸಿಲ್ಲ. ಇದಕ್ಕೆ ಛಲ ಎನ್ನುತ್ತಾರೆ. ಶ್ರಾವ್ಯ ಇದನ್ನೇ ಭಯ ಎನ್ನುತ್ತಾಳೆ. ಅವಳು ನಮ್ಮ ಕಚೇರಿಯ ಇನ್ನೊಬ್ಬ ಆರ್ಟಿಕಲ್ ಕ್ಲರ್ಕು, ಎರಡೂ ಗುಂಪು ಒಟ್ಟಿಗೆ ಪಾಸು ಮಾಡಿದವಳು.

ಎಣಿಕೆ ಮುಗಿದ ಮೇಲೆ ಸುಗುಣಕ್ಕ ಕಾಗದ ತಂದರು. "ಮೇಲ್ಕಂಡ ಕಾಯಿಗಳನ್ನು ನನ್ನ ಸಮಕ್ಷಮ ಎಣಿಸಲಾಗಿದೆ." ಸಹಿ ಹಾಕಿದೆ. ಎಣಿಕೆ ಮುಗಿಯುವ ಮೊದಲೇ ಅಮ್ಮನ ಪಾಲೂ ಅದೇ ಕಟ್ಟೆಯಿಂದ ಚೀಲ ಸೇರಿತ್ತು.

3 ಫೆಬ್ರವರಿ 2011

ಮೂರು ಅಂಕ.

4 ಫೆಬ್ರವರಿ

ನಿನ್ನೆ ಅಷ್ಟೇ ಬರೆಯಲು ಆದದ್ದು. ಮೂರು ಅಂಕದಿಂದ ಫೇಲು. ಫೈಲು ಹೊರುವವನ ಹಣೆಯಲ್ಲಿ ಫೇಲು. ಒಂದು ಸ್ವರದಷ್ಟೇ ವ್ಯತ್ಯಾಸ. ಅಮ್ಮ ಕಡುಬು ಮಾಡಿದಳು. ಅಪ್ಪ ಫೋನಿನಲ್ಲಿ, "ಸಮ, ಇನ್ನೊಂದ್ ಸರ್ತಿ ಬರಿ" ಎಂದರು. ಅವರ ದನಿಯ ಹಿಂದೆ ಯಾರೋ ಎರಡು ಇಡ್ಲಿ ಒಂದು ವಡೆ ಎಂದು ಕೂಗುತ್ತಿದ್ದರು.

ನಾಳೆಯಿಂದ ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಮೇ ತಿಂಗಳಲ್ಲಿ ಈ ಗುಂಪನ್ನು ಮುಗಿಸದಿದ್ದರೆ ನನ್ನ ಹೆಸರು ಸುಧೀರನೇ ಅಲ್ಲ. ಧೀರ ಬಿಟ್ಟುಹೋಗಿ ಬರೀ ಸು.

19 ಫೆಬ್ರವರಿ, ಶನಿವಾರ

ಬಿಜೂರು. ಬಿಸಿಲು. ಗೋಳಿಬಜೆ ಮುಗಿದಿತ್ತು, ಬನ್ಸ್ ಇತ್ತು. ಓದು, ಅಮ್ಮನ ಪಾಲು, ಸಹಿ. ನಾಲ್ಕೂವರೆಗೆ ಏಳುವುದು ಹದಿನೈದನೆಯ ದಿನ.

6 ಜೂನ್ 2011

ಮೂರು ತಿಂಗಳು ದಿನಚರಿ ಮುಟ್ಟಲಿಲ್ಲ. ಪರೀಕ್ಷೆ ಬರೆದೆ. ಈ ಸಲ ಪೆನ್ನಿನ ರೀಫಿಲ್ ಎರಡು ಖಾಲಿಯಾದವು. ಉತ್ತರಗಳ ಬಗ್ಗೆ ಆಮೇಲೆ ಯೋಚಿಸೋಣ.

ಇಂದು ಬರೆಯಲೇಬೇಕಾದ ದಿನ. ನನಗೆ ಕಳ್ಳ ಸಿಕ್ಕಿದ್ದಾನೆ!

ಬಿಜೂರಿನ ಸಂಘದ ವರ್ಷದ ಲೆಕ್ಕ ನಮ್ಮ ಮೇಜಿಗೆ ಬಂದಿದೆ. ಅಲ್ಲಿನ ಪದ್ಧತಿ ಸರಳ. ಬೆಳೆಗಾರರು ತಂದ ಕಾಯಿಯನ್ನು ಎಣಿಸಿ ಬರೆದು ಅಂಗಳಕ್ಕೆ ಹಾಕುತ್ತಾರೆ. ನಾಲ್ಕು ಸಾವಿರ ದಾಟಿದಾಗ ಲಾರಿ ಬರುತ್ತದೆ, ಮತ್ತೆ ಎಣಿಸಿ ಒಂದೂ ಉಳಿಯದಂತೆ ತುಂಬಿಸುತ್ತಾರೆ. ಹಾಗಾಗಿ ಪ್ರತಿ ಲೋಡಿಗೂ ಬಂದದ್ದೆಷ್ಟು, ಕೊಳೆತದ್ದೆಷ್ಟು, ಹೋದದ್ದೆಷ್ಟು ಎಂದು ತಾಳೆ ನೋಡಬಹುದು. ಈವರೆಗೆ ಯಾರೂ ನೋಡಿರಲಿಲ್ಲ, ವರ್ಷದ ಮೊತ್ತವನ್ನಷ್ಟೇ ನೋಡುತ್ತಿದ್ದರು. ನಾನು ನೋಡಿದೆ. ಹನ್ನೊಂದು ಲೋಡು. ಎಂಟರಲ್ಲಿ ಒಂದು ಕಾಯಿಯೂ ಹೆಚ್ಚು ಕಡಿಮೆ ಇಲ್ಲ. ಉಳಿದ ಮೂರರಲ್ಲಿ ಕೊರತೆ. ಎಷ್ಟು? ನೂರು, ನೂರು, ನೂರು. ಒಟ್ಟು ಮುನ್ನೂರು ಕಾಯಿ. ಹಣ ಮೂರು ಸಾವಿರದೊಳಗೆ. ಆದರೆ ಕಳ್ಳತನವನ್ನು ಹಣದಿಂದ ಅಳೆಯುವವನು ಗುಮಾಸ್ತ, ಗುಣದಿಂದ ಅಳೆಯುವವನು ಫೊರೆನ್ಸಿಕ್.

ಎಷ್ಟು ಹುರುಪು ಬಂತೆಂದರೆ ಉಳಿದ ಪುಸ್ತಕಗಳನ್ನು ಒಂದೇ ಗಂಟೆಯಲ್ಲಿ ಮುಗಿಸಿದೆ. ಸಣ್ಣ ಖರ್ಚಿನ ಪುಸ್ತಕವಂತೂ ಚಹಾ, ಪೊರಕೆ, ಬಲ್ಬು, ಚಹಾ. ಇದನ್ನು ಓದುತ್ತ ಕೂರುವುದು ಆಯುಷ್ಯದ ಅಪವ್ಯಯ. ಸರಸರನೆ ಟಿಕ್ ಹೊಡೆದೆ. ನಮ್ಮ ಕಚೇರಿಯಲ್ಲಿ ಹಸಿರು ಶಾಯಿ ನನ್ನದು, ಶ್ರಾವ್ಯಳದ್ದು ನೇರಳೆ. ಹಸಿರು ಟಿಕ್ ಬಿತ್ತೆಂದರೆ ಆ ಸಾಲಿನಲ್ಲಿ ಸೊಳ್ಳೆಯೂ ಅಡಗಿರಲಾರದು ಎಂದರ್ಥ.

8 ಜೂನ್

ರತ್ನಾಕರ ಸರ್‌ಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ಆ ಮೂರು ನೂರುಗಳನ್ನು ನೋಡಿದರು.

"ಚಂದ ಕಂಡ್ ಹಿಡ್ದಿದ್ದೆ ಮಾರಾಯಾ. ಆದ್ರೆ ಕಳ್ಳ ಹೀಂಗೆ ಕದಿತ್ನಾ?"

"ಹೇಗೆ ಸರ್?"

"ಒಂದ್ ಚೀಲ ಹೊತ್ಕ ಹೋದ್ರೆ ಎಪ್ಪತ್ಮೂರೋ ಎಂಬತ್ತೊಂದೋ ಆಪುದ್. ಸಮ ನೂರೇ ಕದಿಕಂದ್ರೆ ಕಳ್ಳ ಕೂಕಂಡ್ ಎಣ್ಸ್ಕ್. ಯಾವ ಕಳ್ಳನಿಗೆ ಅಷ್ಟ್ ಪುರ್ಸೊತ್ತಿತ್ತ್?"

ಇಷ್ಟು ಹೇಳಿ ಅವರು ಬ್ರಹ್ಮಾವರದ ಅಕ್ಕಿ ಗಿರಣಿಯ ಫೈಲಿಗೆ ಮುಖ ಹಾಕಿದರು. ನನಗೋ ತಲೆಯೊಳಗೆ ದೀಪ ಹತ್ತಿತು. ಎಣಿಸಿ ಕದಿಯುವವನು ಯಾರು? ಎಣಿಸುವುದೇ ಕಸುಬಾದವನು! ಬಂದಾಗ ಎಣಿಸುವವನೂ ಗುಡ್ಡ, ಹೋಗುವಾಗ ಎಣಿಸುವವನೂ ಗುಡ್ಡ. ಸರ್ ತಮಗೇ ತಿಳಿಯದಂತೆ ನನ್ನ ಕೈಗೆ ಕಳ್ಳನನ್ನು ಕೊಟ್ಟಿದ್ದಾರೆ.

ಕರಡು ವರದಿ ಟೈಪು ಮಾಡಿದೆ. "ಕೊರತೆಯ ಸ್ವರೂಪವನ್ನು ಗಮನಿಸಿದಾಗ ಎಣಿಕೆದಾರ ಗುಡ್ಡ ಎಂಬವರ ಮೇಲೆ ಬಲವಾದ ಅನುಮಾನ ಮೂಡುತ್ತದೆ." ಎಂಥ ವಾಕ್ಯ! ನಾಲ್ಕು ಸಲ ಓದಿದೆ.

13 ಜೂನ್

ಸರ್ ಇಲ್ಲದ ಹೊತ್ತಿನಲ್ಲಿ ಸುಗುಣಕ್ಕ ಬಂದಿದ್ದರು. ಅವರ ಪುಸ್ತಕಗಳ ಜೊತೆ ಕರಡಿನ ಪ್ರತಿಯನ್ನೂ ಕೊಟ್ಟು ಕಳಿಸಿದೆ. ಸಂಜೆ ಸರ್‌ಗೆ ಗೊತ್ತಾಯಿತು.

"ಯಾರ್ ಕೊಡುಕೆ ಹೇಳ್ದ್ರ್ ನಿಂಗೆ?"

"ಕರಡು ಅಷ್ಟೇ ಸರ್. ಅನುಮಾನ ಅಂತಲೇ ಬರೆದಿದ್ದೇನೆ."

"ಅನುಮಾನಕ್ಕೆ ವೋಚರ್ ಇತ್ತಾ?"

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು. ಶ್ರಾವ್ಯ ನೇರಳೆ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದಳು.

ಇರಲಿ. ದೊಡ್ಡ ಕೆಲಸಕ್ಕೆ ಕೈ ಹಾಕಿದವನಿಗೆ ಬೈಗುಳ ಸಂಬಳದ ಭಾಗ.

20 ಜೂನ್

ಗುಡ್ಡನನ್ನು ಸಂಘ ಕೆಲಸದಿಂದ ನಿಲ್ಲಿಸಿದೆ. ಜುಲೈ 17ರ ವಾರ್ಷಿಕ ಸಭೆಯಲ್ಲಿ ನನ್ನ ವಾಕ್ಯವನ್ನು ಎಲ್ಲರೆದುರು ಓದಿ, ಮುನ್ನೂರು ಕಾಯಿಯ ಹಣ ವಸೂಲು ಮಾಡಿ, ಶಾಶ್ವತವಾಗಿ ಕಳಿಸುವುದು ಎಂದು ನಿರ್ದೇಶಕರು ತೀರ್ಮಾನಿಸಿದ್ದಾರಂತೆ. ಇದನ್ನು ನನಗೆ ಹೇಳಿದವನು ಗುಡ್ಡನೇ. ಮಧ್ಯಾಹ್ನ ಕಚೇರಿಗೆ ಬಂದಿದ್ದ. ಒಗೆದ ಬಿಳಿ ಅಂಗಿ, ಕೈಯಲ್ಲಿ ಮಡಚಿದ ಕೊಡೆ. ಜಗಳಕ್ಕೆ ಬಂದನೆಂದು ನಾನು ಸ್ಟೇಪ್ಲರ್ ಹತ್ತಿರಕ್ಕೆ ಎಳೆದುಕೊಂಡೆ.

"ಹ್ವಾಯ್ ಆಡಿಟ್ರೇ, ಪುರ್ಸೊತ್ತಿತ್ತಾ?"

"ಕೂತುಕೊಳ್ಳಿ."

"ಆ ಕಾಗ್ದದಗೆ ನನ್ನ ಹೆಸ್ರ್ ಇತ್ತ್ ಅಂಬ್ರಲೆ. ನಂಗೆ ಓದುಕೆ ಬತ್ತಿಲ್ಲೆ, ಎಣ್ಸುಕೆ ಮಾತ್ರ ಬತ್ತ್. ಒಂದ್ ಸರ್ತಿ ಓದಿ ಹೇಳ್ತ್ರಿಯಾ?"

ಓದಿದೆ. ನಾಲ್ಕು ಸಲ ಓದಿ ಮೆಚ್ಚಿದ್ದ ವಾಕ್ಯವನ್ನು ಐದನೆಯ ಸಲ ಆದಷ್ಟು ಬೇಗ ಮುಗಿಸಿದೆ.

"ಬಲವಾದ ಅಂದ್ರೆ?"

"ಗಟ್ಟಿ."

"ಹಾಂ. ಗಟ್ಟಿ ಅನುಮಾನ." ಸ್ವಲ್ಪ ಹೊತ್ತು ಕೊಡೆಯ ಹಿಡಿಯನ್ನು ಸವರಿದರು. "ಕೈಯಗೆ ಬರ್ದದ್ದಾ, ಅಚ್ಚ್ ಹೊಡ್ದದ್ದಾ?"

"ಟೈಪು ಮಾಡಿದ್ದು."

"ಹಾಂಗಾರೆ ಅಳ್ಸುಕೆ ಆತಿಲ್ಲೆ ಅಲ್ದಾ?"

ನಾನು ಸ್ಟೇಪ್ಲರನ್ನು ಮೊದಲಿನ ಜಾಗಕ್ಕೆ ಸರಿಸಿದೆ.

"ಕೆಲ್ಸ ಹೋದ್ರೆ ಹೋಯ್ಲಿ, ಮೂವತ್ತೊಂದ್ ವರ್ಷ ಆಯ್ತ್, ಸೊಂಟವೂ ಸಮ ಇಲ್ಲೆ. ನಮ್ಮ ಬದಿಯಗೆ ಮದಿ-ಮುಂಜಿ ಆದ್ರೆ ಕಾಯಿ ಎಣ್ಸುಕೆ ನನ್ನೇ ಕರಿತಿದ್ರ್. ಎರ್ಡ್ ಮನಿಯವ್ರಿಗೆ ಜಗಳ ಆಪ್ಕಾಗ ಅಂದೇಳಿ. ಮೊನ್ನೆ ಒಂದ್ ಮನಿಯವ್ರ್ ಬೇರೆಯವ್ರ ಕರ್ದ್ರ್. ನಾನ್ ಅದೇ ದಾರಿಯಗೆ ಬಪ್ಪತಿಗೆ ಕಂಡೆ."

ಎದ್ದು, ನನ್ನಂಥ ಹುಡುಗನಿಗೆ ಕೈ ಮುಗಿದು, ಮೆಟ್ಟಿಲಿಳಿದು ಹೋದರು. ಕೊಡೆ ಬಿಚ್ಚಿದ್ದು ಮಳೆಗೆ ಸಿಕ್ಕಿದ ಮೇಲೆ.

21 ಜೂನ್

ಕಳ್ಳರು ಹೀಗೂ ಬಂದು ನಾಟಕವಾಡಬಹುದು. ಭಾವನೆಗೆ ಲೆಕ್ಕದಲ್ಲಿ ಕಾಲಮ್ಮಿಲ್ಲ.

ಆದರೂ ಒಂದು ಸಲ ಪರೀಕ್ಷಿಸುವುದರಲ್ಲಿ ತಪ್ಪಿಲ್ಲ.

26 ಜೂನ್

ಐದು ದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಇದೇ ಕೆಲಸ. ಪರೀಕ್ಷೆಗೂ ಇಷ್ಟು ಓದಿರಲಿಲ್ಲ. ಹನ್ನೊಂದು ಲೋಡಿನ ದಿನ ಯಾರು ಯಾರು ಅಂಗಳದಲ್ಲಿದ್ದರು ಎಂದು ಪಟ್ಟಿ ಮಾಡಿದೆ. ಗುಡ್ಡಣ್ಣ ಹನ್ನೊಂದೂ ದಿನ ಇದ್ದರು. ಅಂದರೆ ತಪ್ಪಿಲ್ಲದ ಎಂಟು ದಿನವೂ ಇದ್ದರು. ಕದಿಯುವವರಾದರೆ ಆ ಎಂಟು ದಿನ ಯಾಕೆ ಬಿಟ್ಟರು? ಸುಗುಣಕ್ಕನೂ ಹನ್ನೊಂದು ದಿನ. ಹೊರೆಯಾಳುಗಳಾದ ಕೊರಗ ಮತ್ತು ನಾಗು ಅದಲು ಬದಲು. ಲಾರಿ ಚಾಲಕರು ಮೂರು ಸಲವೂ ಬೇರೆ ಬೇರೆ.

ಆ ಮೂರು ದಿನಗಳಲ್ಲಿ ಇದ್ದು ಉಳಿದ ಎಂಟರಲ್ಲಿ ಇಲ್ಲದ್ದು ಯಾವುದು? ಇಷ್ಟು ಮಾತ್ರ ಹೊಳೆಯಿತು: ಮೂರೂ ಶನಿವಾರ. ಶನಿವಾರ ಯಾರಿಗಾದರೂ ಕಾಯಿ ಬೇಕೇ? ಸುತ್ತಲಿನ ದೇವಸ್ಥಾನಗಳಲ್ಲಿ ಶನಿಪೂಜೆಗೆ ನೂರು ಕಾಯಿ ಒಡೆಯುವವರಿದ್ದಾರೆಯೇ ಎಂದು ವಿಚಾರಿಸಬೇಕು.

ಇನ್ನೊಂದು ಸಂಗತಿ. ಮೂರೂ ದಿನ ನಾನೇ ಸ್ಥಳದಲ್ಲಿದ್ದೆ! ಆಡಿಟರನ ಮನುಷ್ಯ ಎದುರಿಗಿರುವಾಗಲೇ ಕದಿಯಬೇಕಾದರೆ ಕಳ್ಳ ಎಂಥ ಗಟ್ಟಿ ಗುಂಡಿಗೆಯವನಿರಬೇಕು. ಸಾಧಾರಣ ಆಸಾಮಿಯಲ್ಲ.

2 ಜುಲೈ

ಶನಿಪೂಜೆಯ ಸುಳಿವು ಸುಳ್ಳಾಯಿತು. ಅರ್ಚಕರೊಬ್ಬರು, "ನೂರ್ ಕಾಯಿ ತಪ್ಪವ್ರ್ ಇದ್ರೆ ನಮ್ಗೂ ಹೇಳಿ" ಎಂದರು.

ಪಟ್ಟಿಯನ್ನು ಶ್ರಾವ್ಯಳಿಗೆ ತೋರಿಸಿದೆ. ಅವಳು ನೋಡಿ, "ಎಲ್ಲರಿಗೂ ಒಂದೊಂದು ಕಾಲಮ್ ಇದೆ, ಒಬ್ಬರಿಗೆ ಮಾತ್ರ ಇಲ್ಲ" ಎಂದಳು. ಯಾರಿಗೆ ಎಂದರೆ, "ನೀನು ಫೊರೆನ್ಸಿಕ್, ನಾನಲ್ಲ" ಎಂದು ಊಟದ ಡಬ್ಬಿ ತೆರೆದಳು. ಪಾಸಾದವರ ಅಹಂಕಾರ.

ಸಭೆಗೆ ಹದಿನೈದು ದಿನ. ನಾನು ಬರೆದದ್ದನ್ನು ನಾನೇ ಸಾಬೀತು ಮಾಡಬೇಕು, ಇಲ್ಲವೇ ನಾನೇ ಅಳಿಸಬೇಕು. ಮುಂದಿನ ವಾರ ಗುಡ್ಡಣ್ಣನ ಮನೆಗೇ ಹೋಗುತ್ತೇನೆ.

9 ಜುಲೈ, ಶನಿವಾರ

ಬಸ್ಸಿಳಿದು ಗದ್ದೆಯ ಅಂಚಿನಲ್ಲಿ ಒಂದು ಮೈಲಿ. ಹೊಸ ಪ್ಯಾಂಟು ಮಂಡಿಯವರೆಗೆ ಕೆಸರು. ಗುಡ್ಡಣ್ಣ ಜಗಲಿಯಲ್ಲಿ ನೆರೆಮನೆಯ ಬೆಳ್ಳಿ ಎಂಬ ಅಜ್ಜಿಯ ಕಾಯಿ ಎಣಿಸುತ್ತಿದ್ದರು. ನಲ್ವತ್ತು ಮರದ ಒಡತಿ ಆಕೆ, ಅವರನ್ನು ಈಗಲೂ ಕರೆಯುವವರಲ್ಲಿ ಒಬ್ಬರು.

"ಬನ್ನಿ ಆಡಿಟ್ರೇ, ಕೂಕಣಿ. ಇದೊಂದ್ ಮುಗ್ಸಿ ಬತ್ತೆ. ನಡು ಮಾತಾಡ್ರೆ ತಪ್ಪುದ್."

ನಾನು ಕೂತು ನೋಡಿದೆ. ಮೊದಲ ಸಲ, ಮೂರು ನಿಮಿಷಕ್ಕಿಂತ ಹೆಚ್ಚು. ಎರಡೂ ಕೈಯಲ್ಲಿ ಎರಡೆರಡು, ಒಂದು ಸಲಕ್ಕೆ ನಾಲ್ಕು. ಗುನುಗು ಎಂದುಕೊಂಡಿದ್ದು ಗುನುಗಲ್ಲ, ಎಣಿಕೆ. ಪ್ರತಿ ಸಲ ಬಗ್ಗಿ, ಎದ್ದು, ತಿರುಗಿ ಹಾಕುತ್ತಾರೆ. ಅರುವತ್ತೆರಡರ ಸೊಂಟ ಕಿರುಗುಟ್ಟುವುದು ನನಗೇ ಕೇಳುತ್ತಿತ್ತು. ಅಷ್ಟರಲ್ಲಿ ಬೆಳ್ಳಜ್ಜಿ, "ಅಮ್ಮಂಗೆ ಒಂದ್ ಕಾಯಿ ತಕಂಡ್ ಹೋಯಿನಿ ಮಗಾ" ಎಂದರು. ಈ ಸಲ ಅವರಾಗಿಯೇ ಕೊಡುತ್ತಿದ್ದಾರೆ ಎಂಬ ಸಮಾಧಾನದಲ್ಲಿ ಕೈ ಚಾಚಿದೆ. ಪಕ್ಕದ ಕಟ್ಟೆಯ ಮೇಲೆ ಐದು ಕಾಯಿ ಸಾಲಾಗಿದ್ದವು. ತುದಿಯದ್ದನ್ನು ಎತ್ತಿದೆ.

"ಹ್ವಾಯ್! ಅದ್ರ ಮುಟ್ಬೇಡಿ!"

ಗುಡ್ಡಣ್ಣ ಜಗಲಿ ಅದುರುವಂತೆ ಕೂಗಿದರು. ಕೈಯಲ್ಲಿದ್ದ ನಾಲ್ಕೂ ಕಾಯಿ ಹಾಗೇ ಇದ್ದವು.

"ಒಂದು ಕಾಯಿ ಅಲ್ಲವಾ ಗುಡ್ಡಣ್ಣ..."

"ಅದ್ ಒಂದಲ್ಲ. ಅದ್ ನೂರ್."

ನನಗೆ ಅರ್ಥವಾಗಲಿಲ್ಲ. ಅವರು ಕಾಯಿಗಳನ್ನು ಕೆಳಗಿಟ್ಟು, ಸಣ್ಣ ಮಗುವಿಗೆ ಹೇಳುವ ತಾಳ್ಮೆಯಿಂದ ಹೇಳಿದರು.

"ನೂರ್ ಎಣ್ಸಿದ್ ಕೂಡ್ಲೆ ಅದ್ರಗಿನ ಒಂದ್ ಕಾಯಿ ಕಟ್ಟಿ ಮೇಲ್ ಇಡುದ್. ಮತ್ತೆ ನೂರ್, ಮತ್ತೊಂದ್ ಕಾಯಿ. ಕಡಿಗೆ ಕಟ್ಟಿ ಮೇಲಿದ್ದದ್ ಎಣ್ಸಿರೆ ಆಯ್ತ್. ಐದ್ ಇದ್ರೆ ಐನೂರ್, ನಲ್ವತ್ತೆರ್ಡ್ ಇದ್ರೆ ನಾಕ್ ಸಾವ್ರದಿನ್ನೂರ್. ಲೆಕ್ಕ ಆದ್ಮೇಲೆ ಅದ್ನೂ ಲಾರಿಗೆ ಹಾಕುದ್. ಎಲ್ಲ ತಲಿಯಗೆ ಇಟ್ಕಂಬುಕೆ ನಾನ್ ಎಂತ ಕಂಪ್ಯೂಟರಾ?"

"ಯಾರಾದರೂ ಆ ಸಾಲಿನಿಂದ ಒಂದನ್ನು ತೆಗೆದರೆ?"

"ಯಾರ್ ತೆಗಿತ್ರ್? ಈ ಊರಗೆ ಸಣ್ ಮಕ್ಳಿಗೂ ಗೊತ್ತಿತ್ತ್, ಕಟ್ಟಿ ಕಾಯಿ ಮುಟ್ಟುಕಾಗ ಅಂದೇಳಿ."

ನನ್ನ ಕೈಯಲ್ಲಿದ್ದ ಕಾಯಿಯನ್ನು ಮೆಲ್ಲನೆ ಅದರ ಜಾಗದಲ್ಲಿಟ್ಟೆ. ಬೆಳ್ಳಜ್ಜಿಯ ನೂರು ಉಳಿಯಿತು.

ಬಂದದ್ದೇಕೆ ಎಂದು ಗುಡ್ಡಣ್ಣ ಕೇಳಿದರು. ಈ ಕಡೆ ಬಂದಿದ್ದೆ, ಹಾಗೇ ನೋಡಿಕೊಂಡು ಹೋಗೋಣ ಎಂದು, ಎಂದೆ. ಬೆಲ್ಲ ನೀರು ಕೊಟ್ಟರು. ಕುಡಿದೆ.

10 ಜುಲೈ

ಮೂರು ಕಾಯಿ. ಮುನ್ನೂರು.

12 ಜುಲೈ

ನಿನ್ನೆ ಇಡೀ ದಿನ ಒಂದು ಜಾಣ ದಾರಿ ಹುಡುಕಿದೆ, ಸಿಕ್ಕಿತೂ ಕೂಡ. "ಗುರುತಿನ ಕಾಯಿ ಕಟ್ಟೆಯಿಂದ ಉರುಳಿ ಬಿದ್ದು ಎಣಿಕೆಯಲ್ಲಿ ತಪ್ಪಾಗಿರುವ ಸಾಧ್ಯತೆ ಇದೆ" ಎಂದು ಪತ್ರ ಬರೆದರೆ ಸಾಕು. ಗುಡ್ಡಣ್ಣ ಕಳ್ಳರಲ್ಲ ಎಂದಾಗುತ್ತದೆ, ನನ್ನ ಹೆಸರೂ ಬರುವುದಿಲ್ಲ. ಟೈಪು ಮಾಡಿ ಓದಿದೆ. ಗುಡ್ಡಣ್ಣ ಕಳ್ಳರಲ್ಲ, ಆದರೆ ಎಣಿಸಲು ಬಾರದವರು ಎಂದಾಗುತ್ತಿತ್ತು. ಹರಿದು ಹಾಕಿದೆ.

ಇವತ್ತು ರತ್ನಾಕರ ಸರ್‌ಗೆ ಎಲ್ಲವನ್ನೂ ಹೇಳಿದೆ. ಕಾಯಿ, ಕಟ್ಟೆ, ಪ್ಯಾಂಟು, ಗೋಳಿಬಜೆ, ನೋಡದೆ ಹಾಕಿದ ಮೂರು ಸಹಿ. ಅವರು ಮೇಜಿಗೆ ತಲೆಯಿಟ್ಟು ನಕ್ಕರು, ಆಮೇಲೆ ಕನ್ನಡಕ ಒರೆಸಿಕೊಂಡರು.

"ಕಳ್ಳನಿಗೆ ಎಣ್ಸುಕೆ ಪುರ್ಸೊತ್ತಿಲ್ಲೆ ಅಂದೆ ಅಲ್ದಾ? ಎಣ್ಸುದ್ ಕಾಂಬುಕೂ ಪುರ್ಸೊತ್ತಿಲ್ಲದ ಕಳ್ಳ ಅಂದೇಳಿ ಗೊತ್ತಿರ್ಲಿಲ್ಲೆ."

"ನನ್ನನ್ನು ಕೆಲಸದಿಂದ ತೆಗೆಯುತ್ತೀರಾ ಸರ್?"

"ಸಭೆಗೆ ಯಾರ್ ಹೋಪುದ್? ನಾನಾ, ನೀನಾ?"

"ನಾನು."

"ಹಾಂಗಾರೆ ಆಮೇಲೆ ಕಾಂಬ."

17 ಜುಲೈ, ಭಾನುವಾರ

ಸುಮಾರು ನೂರೈವತ್ತು ಜನ. ಎಣಿಸಲಿಲ್ಲ, ಇನ್ನು ಅಂದಾಜಿಗೆ ಅಂದಾಜು ಎಂದೇ ಹೇಳುತ್ತೇನೆ. ಗುಡ್ಡಣ್ಣ ಕೊನೆಯ ಸಾಲಿನಲ್ಲಿ ಅದೇ ಬಿಳಿ ಅಂಗಿಯಲ್ಲಿ ಕೂತಿದ್ದರು. ಅಧ್ಯಕ್ಷರು ನನ್ನ ವಾಕ್ಯ ಓದಲು ಎದ್ದಾಗ ನಾನೂ ಎದ್ದೆ. ಅವರ ಕೈಯ ಮೈಕನ್ನು ಕೇಳಿ ತೆಗೆದುಕೊಂಡೆ.

ಇರುವುದನ್ನು ಇರುವ ಹಾಗೆ ಹೇಳಿದೆ. ಒಂದು ಶ್ಲೇಷೆಯೂ ಬರಲಿಲ್ಲ. ಕಟ್ಟೆಯ ಮೇಲಿಂದ ತೆಗೆದೆ ಎಂದಾಗ ಇಡೀ ಸಭೆ ಒಂದೇ ಉಸಿರಿನಲ್ಲಿ "ಅಯ್ಯಯ್ಯೋ" ಎಂದಿತು. ಮಕ್ಕಳೂ ಎಂದವು. ಅಷ್ಟರಿಂದಲೇ ಎಲ್ಲರಿಗೂ ಅರ್ಥವಾಗಿತ್ತು. ನನಗೆ ಅರ್ಥವಾಗಲು ಹತ್ತು ತಿಂಗಳು ಬೇಕಾಯಿತು.

ಗುಡ್ಡಣ್ಣ ಹಿಂದಿನಿಂದ ಎದ್ದು ನಿಂತರು.

"ಹ್ವಾಯ್ ಆಡಿಟ್ರೇ, ಒಂದ್ ಮಾತ್. ರಾಶಿಯಗೆ ನಾಕ್ ಸಾವ್ರ ಕಾಯಿ ಇದ್ದಿತ್ತ್. ಮೂರ್ ಸರ್ತಿಯೂ ಕಟ್ಟಿ ಮೇಲಿಂದೇ ಎಂತಕೆ ತೆಗ್ದದ್ದ್?"

"ಬಗ್ಗಬೇಕಾಗುತ್ತಿತ್ತು ಗುಡ್ಡಣ್ಣ."

ನೂರೈವತ್ತು ಜನ ನಕ್ಕರು. ಗುಡ್ಡಣ್ಣ ನಗಲಿಲ್ಲ. "ಹಾಂಗಾರೆ ಇಪ್ಪತ್ಮೂರಕ್ಕೆ ಲಾರಿ ಬತ್ತ್. ಬನ್ನಿ, ಬಗ್ಗುಕೆ ಕಲ್ಸ್ತೆ" ಎಂದರು. ಅಲ್ಲಿಗೆ ಅವರು ಕೆಲಸಕ್ಕೆ ಮರಳುತ್ತಾರೆಂದು ಅವರೇ ಘೋಷಿಸಿದ ಹಾಗಾಯಿತು; ಅಧ್ಯಕ್ಷರು ಕೈಯಲ್ಲಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಲೆಕ್ಕಕ್ಕೆ ಬಾರದ ಕಾಯಿಗಳೂ ಲಾರಿ ಹತ್ತಿ ಹೋಗಿದ್ದರಿಂದ ಅವನ್ನು ಕೊಂಡ ವ್ಯಾಪಾರಿಗೆ ಫೋನು ಹೋಯಿತು. ಮೂರು ಲೋಡಿನಲ್ಲಿ ನೂರರ ಹತ್ತಿರ ಹತ್ತಿರ ಕಾಯಿ ಹೆಚ್ಚು ಬಂದದ್ದು ಅವರಿಗೆ ಗೊತ್ತೇ ಆಗಿರಲಿಲ್ಲವಂತೆ. ಒಂದು ಕಾಯಿ ಕಡಿಮೆಯಾದರೆ ಮೂರು ಸಲ ಫೋನು ಮಾಡುವವರು. ಹಣ ಕೊಡುತ್ತಾರಂತೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಬಿಜೂರು ಪ್ರಕರಣ ಭೇದಿಸಿದವನು: ನಾನು. ಅಪರಾಧಿ: ನಾನು. ಒಬ್ಬನ ಪ್ರಯಾಣಭತ್ಯೆ ಉಳಿತಾಯ. ಒಂದು ಸಣ್ಣ ಹೆಮ್ಮೆಯನ್ನಾದರೂ ಇಟ್ಟುಕೊಳ್ಳುತ್ತೇನೆ. ಕದ್ದದ್ದಂತೂ ಪರಿಪೂರ್ಣವಾಗಿತ್ತು. ನಾನಾಗಿ ಬಾಯಿ ಬಿಡುವವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಯಾವ ಪುಸ್ತಕದಲ್ಲೂ ಸುಳಿವಿರಲಿಲ್ಲ. ಆ ಮಟ್ಟಿಗೆ ನನ್ನನ್ನು ಹಿಡಿಯಲು ನನ್ನಂಥ ಫೊರೆನ್ಸಿಕ್ಕೇ ಬೇಕಾಯಿತು.

23 ಜುಲೈ, ಶನಿವಾರ

ಸೊಂಟ ಹಿಡಿದಿದೆ, ಅಡ್ಡ ಮಲಗಿ ಬರೆಯುತ್ತಿದ್ದೇನೆ. ಹಳೆಯ ಪ್ಯಾಂಟು ಹಾಕಿಕೊಂಡು ಹೋಗಿದ್ದೆ. ನಾಲ್ಕು ಸಾವಿರದ ನೂರು ಕಾಯಿ. ಅದರಲ್ಲಿ ಎಂಟು ನೂರು ನಾನು ಎಣಿಸಿದ್ದು. ಗುಡ್ಡಣ್ಣ ಎರಡು ಸಲ ತಪ್ಪು ಹಿಡಿದು ಮೊದಲಿನಿಂದ ಎಣಿಸಲು ಹೇಳಿದರು. ಪ್ರತಿ ನೂರಕ್ಕೆ ನಾನೇ ಕಟ್ಟೆಯ ಮೇಲೆ ಕಾಯಿ ಇಟ್ಟೆ. ಇಡುವಾಗ ಕೈ ತಾನಾಗಿ ಮೆಲ್ಲಗಾಗುತ್ತದೆ. ಕೊನೆಯಲ್ಲಿ ನಲ್ವತ್ತೊಂದು. "ಸಮ ಇತ್ತ್" ಎಂದರು ಗುಡ್ಡಣ್ಣ. ನನ್ನ ಯಾವ ಅಂಕಪಟ್ಟಿಯಲ್ಲೂ ಇಲ್ಲದ ಷರಾ ಅದು.

ಸಹಿ ಹಾಕಲು ಒಳಗೆ ಹೋದೆ. ಸುಗುಣಕ್ಕ ಚಹಾ ಕೊಟ್ಟು, ಸಣ್ಣ ಖರ್ಚಿನ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದರು.

"ಇವತ್ತ್ ಕಾಯಿ ತಕಂತಿಲ್ಯಾ ಆಡಿಟ್ರೇ? ಬರ್ಕಂಬುದಾ ಬೇಡ್ದಾ?"

"ಎಂತ ಬರೆದುಕೊಳ್ಳುವುದು ಸುಗುಣಕ್ಕ?"

"ಪ್ರತಿ ಸರ್ತಿ ಬರ್ದಿದ್ನಲೆ. ನಿಮ್ಮ ಚೀಲ ಉಬ್ಬಿದ್ದ್ ಕಿಟಕಿಯಗೆ ಕಾಂತಿತ್ತ್. ಎಲ್ಲಿಂದ ತೆಗ್ದ್ರಿ ಅಂದೇಳಿ ಕಾಣ್ಲಿಲ್ಲೆ. ದೂರದಿಂದ ಬಂದವ್ರ್, ಒಂದ್ ಕಾಯಿಗೆ ಎಂತ ಕೇಂಬುದ್ ಅಂದೇಳಿ ಸುಮ್ನಾದೆ. ಆದ್ರೆ ಲೆಕ್ಕ ಲೆಕ್ಕವೇ ಅಲ್ದಾ?"

ಪುಸ್ತಕವನ್ನು ತಿರುಗಿಸಿ ನನ್ನೆದುರಿಗಿಟ್ಟರು. ಹದಿನೆಂಟು ಸೆಪ್ಟೆಂಬರ್: ಚಹಾ ಎರಡು, ಕಾಯಿ ಒಂದು, ಆಡಿಟ್ ಹುಡುಗನಿಗೆ. ಹನ್ನೊಂದು ಡಿಸೆಂಬರ್: ಚಹಾ, ಗೋಳಿಬಜೆ, ಕಾಯಿ ಒಂದು, ಆಡಿಟ್ ಹುಡುಗನಿಗೆ. ಹತ್ತೊಂಬತ್ತು ಫೆಬ್ರವರಿ: ಬನ್ಸ್ ಮೂರು, ಕಾಯಿ ಒಂದು, ಅದೇ ಹುಡುಗನಿಗೆ. ಅಂದರೆ ಕೊರತೆ ನೂರು ನೂರು ನೂರು ಆಗಿರಲೇ ಇಲ್ಲ. ತೊಂಬತ್ತೊಂಬತ್ತು, ತೊಂಬತ್ತೊಂಬತ್ತು, ತೊಂಬತ್ತೊಂಬತ್ತು. ಉಳಿದ ಒಂದೊಂದಕ್ಕೆ ಲೆಕ್ಕವಿತ್ತು, ದಿನಾಂಕವಿತ್ತು, ಕಳ್ಳನ ವಿಳಾಸವೂ ಇತ್ತು.

ಮೂರೂ ಸಾಲುಗಳ ಪಕ್ಕದಲ್ಲಿ, ಪರಿಶೀಲಿಸಲಾಗಿದೆ ಎಂಬುದಕ್ಕೆ, ದೊಡ್ಡದಾಗಿ ಒಂದೊಂದು ಟಿಕ್ ಇತ್ತು. ಹಸಿರು ಶಾಯಿಯದ್ದು.